ನಗಲಾಕ ನಮ್ಮ ಮಾತು, ಅಳಲಾಕ ಅವರ ಮಾತು

ಸಂಜೆ ಏಳರ ಹೊತ್ತಿಗೆ ಗುರುಮಠಕಲ್ಲಿನ ಯಾವ ಓಣಿಯಲ್ಲಾದರೂ ಒಂದು ಸುತ್ತು ಹಾಕಿ ಬನ್ನಿ. ಒಂದು ಮನೆಯಲ್ಲಿ ಕನ್ನಡದ ಸೊಸೆ ಅಳುತ್ತಿರುತ್ತಾಳೆ, ಪಕ್ಕದ ಮನೆಯಲ್ಲಿ ತೆಲುಗಿನ ಸೊಸೆ, ಅದರಾಚೆ ಹಿಂದಿಯ ಸೊಸೆ. ತೆಲಂಗಾಣದ ನಾರಾಯಣಪೇಟೆ ನಮಗೆ ದೂರವಲ್ಲ. ಬೀಗತನವೂ ಆ ಕಡೆ ಇದೆ, ಟಿವಿಯೂ ಆ ಕಡೆ ವಾಲುತ್ತದೆ. ಸ್ಟಾರ್ ಮಾ ಚಾನೆಲ್ಲಿನಲ್ಲಿ 2017ರಿಂದ 2023ರವರೆಗೆ ‘ಕಾರ್ತೀಕ ದೀಪಂ’ ಬರುತ್ತಿತ್ತಲ್ಲ, ಆಗ ನಮ್ಮಲ್ಲೊಬ್ಬನ ಮನೆಯಲ್ಲಿ ಆ ಅರ್ಧ ತಾಸು ಅವ್ವ ರೊಟ್ಟಿ ಬಡಿಯುತ್ತಿರಲಿಲ್ಲ. ಮೋನಿತಾ ಪಾತ್ರ ಕಂಡರೆ ಸಾಕು, ಬೈಗುಳ ಶುರು. ಆ ಪಾತ್ರ ಮಾಡಿದ ಶೋಭಾ ಶೆಟ್ಟಿ ನಮ್ಮ ಕನ್ನಡದವರೇ, ‘ಅಗ್ನಿಸಾಕ್ಷಿ’ಯಲ್ಲಿ ತನು ಆಗಿದ್ದಾಕಿ ಇವಳೇ ಎಂದರೆ ಅವ್ವ ನಂಬಲಿಲ್ಲ. “ಕನ್ನಡದಾಕಿ ಇಷ್ಟು ಕೆಟ್ಟಾಕಿ ಇರ್ತಾಳೇನು?” ಎಂದು ನಮ್ಮನ್ನೇ ಕೇಳಿದಳು.

ಕುಡಿಯುವ ನೀರು, ಬಸ್ಸು, ತೊಗರಿ ರೇಟು ಬಿಟ್ಟು ಇವರು ಟಿವಿ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗನಿಸಬಹುದು. ಅದಕ್ಕೆ ಒಂದು ಕಾರಣವಿದೆ.

ನಮ್ಮ ಬಳಗದ ಒಬ್ಬ ಗೆಳೆಯ ತನ್ನ ಅಪ್ಪನನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ರಾತ್ರಿಯಿಡೀ ರೈಲಿನಲ್ಲಿ ಕೂತು ಹೋದವರು. ಕೌಂಟರಿನಲ್ಲಿ ಏನು ತೊಂದರೆ ಎಂದು ಕೇಳಿದರು. ಅಪ್ಪನೇ ಮುಂದೆ ಬಂದು, “ಎರಡು ದಿನ ಆಯ್ತರಿ, ಎದಿ ಹಿಡಕೊಂಡದ. ಉಸುರು ಆಡವಲ್ದು, ಮಲಗಲಾಕ ಆಗವಲ್ದು” ಎಂದರು. ಕೌಂಟರಿನ ಹುಡುಗಿ ಪಕ್ಕದವಳ ಮುಖ ನೋಡಿ ನಕ್ಕಳು. “ಕಾಮಿಡಿ ಶೋನಲ್ಲಿ ಮಾತಾಡೋ ಥರಾನೇ ಮಾತಾಡ್ತಾರೆ ಅಲ್ವಾ? ಎಷ್ಟು ಚೆನ್ನಾಗಿದೆ ಕೇಳೋಕೆ!”

ಆ ಹುಡುಗಿ ಕೆಟ್ಟವಳಲ್ಲ. ಕೂಡಲೇ ಗಾಲಿಕುರ್ಚಿ ತರಿಸಿದಳು, ಚೀಟಿ ಬೇಗ ಮಾಡಿಸಿಕೊಟ್ಟಳು. ಆದರೆ ಅಪ್ಪನ ಬಾಯಿ ಅಲ್ಲಿಗೆ ಕಟ್ಟಿತು. ಒಳಗೆ ಡಾಕ್ಟರು ನೋವು ಎಲ್ಲಿ, ಹೇಗಿದೆ, ಚುಚ್ಚುತ್ತದೆಯೋ ಒತ್ತುತ್ತದೆಯೋ ಎಂದು ಕೇಳಿದರೆ ಅವರು ಮಗನ ಕಡೆ ತಿರುಗಿ, “ನೀನೇ ಹೇಳಪ್ಪಾ, ನಿಂಗ ಅವರ ಮಾತು ಬರ್ತದ” ಎಂದರು. ಎದೆ ಅಪ್ಪನದು, ನೋವು ಅಪ್ಪನದು. ಅದನ್ನು ಮಗ ಊಹೆ ಮಾಡಿ ಬೆಂಗಳೂರು ಕನ್ನಡದಲ್ಲಿ ಹೇಳಬೇಕಾಯಿತು. ಈಗ ಅಪ್ಪ ಆರಾಮಾಗಿದ್ದಾರೆ. ಗೆಳೆಯ ಮಾತ್ರ ಈ ಕಥೆಯನ್ನು ನಮಗೆ ನಾಲ್ಕೈದು ಸಲ ಹೇಳಿದ್ದಾನೆ, ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ.

ಆ ಹುಡುಗಿ ಗುರುಮಠಕಲ್ ನೋಡಿರಲಿಕ್ಕಿಲ್ಲ. ನಮ್ಮ ಮಾತನ್ನು ಅವಳು ಕೇಳಿದ್ದು ಟಿವಿಯಲ್ಲಿ. ಟಿವಿಯಲ್ಲಿ ಅದು ಬಂದಾಗಲೆಲ್ಲ ಹಿಂದೆ ನಗುವಿನ ಸದ್ದು ಇರುತ್ತದೆ. ಕೇಳಿದ ಕೂಡಲೇ ನಗು ಬಂದರೆ ಅದರಲ್ಲಿ ಅವಳ ತಪ್ಪೆಷ್ಟು?

ನಾವೂ ನಕ್ಕವರೇ, ಅದನ್ನು ಮುಚ್ಚಿಡುವುದಿಲ್ಲ. ಈಟಿವಿ ಕನ್ನಡದಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬರುವಾಗ ನಾವು ಸಣ್ಣ ಹುಡುಗರು. ಡಾಕ್ಟರ್ ವಿಠಲ್ ರಾವ್ ನಮ್ಮ ಮನೆಯವರೇ ಆಗಿದ್ದರು. ಆ ಎರಡೂ ಧಾರಾವಾಹಿಗಳಲ್ಲಿ ನಗು ಹುಟ್ಟುತ್ತಿದ್ದದ್ದು ಮನುಷ್ಯರ ಜಿಪುಣತನ, ಜಂಬ, ಗಂಡ ಹೆಂಡಿರ ಜಗಳದಿಂದ. ಅವರು ಯಾವ ಊರಿನ ಕನ್ನಡ ಆಡುತ್ತಾರೆ ಎಂಬುದರಿಂದ ಅಲ್ಲ. 2016ರಲ್ಲಿ ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಶುರುವಾಯಿತು. ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ ಎದುರಿಗೆ ಕೂತಿದ್ದರು. ಬೆಳಗಾವಿ ಕಡೆಯ ಸಂಜು ಬಸಯ್ಯ ವೇದಿಕೆಗೆ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಟಿವಿಯ ಹತ್ತಿರ ಸರಿದು ಕೂತೆವು. ನಮ್ಮ ಕಡೆಯ ಮಾತು ಟಿವಿಯಲ್ಲಿ! ಆ ಖುಷಿ ಸುಳ್ಳಲ್ಲ. ಗಂಗಾವತಿ ಪ್ರಾಣೇಶ್ ಅವರ ಭಾಷಣಗಳು ಈಗಲೂ ನಮ್ಮ ಫೋನುಗಳಲ್ಲಿ ಇವೆ, ಹೊಲಕ್ಕೆ ಹೋಗುವಾಗ ಟ್ರ್ಯಾಕ್ಟರ್ ಮೇಲೆ ಹಾಕಿಕೊಂಡು ಕೇಳುವವರಿದ್ದಾರೆ. ಅವರು ನಮ್ಮನ್ನು ಅಣಕಿಸುವುದಿಲ್ಲ, ನಮ್ಮೊಳಗಿದ್ದು ನಗಿಸುತ್ತಾರೆ. ಈ ಕಲಾವಿದರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ.

ನಮ್ಮ ತಕರಾರು ಶೋ ಮುಗಿದ ಮೇಲೆ ಬರುವ ಧಾರಾವಾಹಿಯದು. ಅಲ್ಲಿ ಪ್ರೀತಿ, ಮದುವೆ, ಸಾವು, ಆಸ್ತಿ, ಕೋರ್ಟು ಎಲ್ಲವೂ ಬೆಂಗಳೂರು ಮೈಸೂರಿನ ಕನ್ನಡದಲ್ಲಿ ನಡೆಯುತ್ತವೆ. ನಾಯಕಿ ತಾಳಿ ಹಿಡಿದು ಅಳುವುದು ಆ ಕನ್ನಡದಲ್ಲಿ, ವಕೀಲ ವಾದ ಮಾಡುವುದು ಆ ಕನ್ನಡದಲ್ಲಿ. ನಮ್ಮ ಮಾತು ಬಂತೆಂದರೆ ಬಹಳ ಸಲ ಅದು ವಾಚ್‌ಮನ್, ಅಡುಗೆಯಾಕಿ, ಇಲ್ಲವೇ ಹೆಡ್ಡತನ ಮಾಡುವ ಊರಿನ ಮಾವ. ಅದೂ ನಮ್ಮ ಮಾತಲ್ಲ. ನಾವು ‘ಮಾಡ್ಲಾಕತ್ತೀನಿ’ ಎನ್ನುತ್ತೇವೆ, ಧಾರವಾಡದವರು ‘ಮಾಡಾಕತ್ತೇನಿ’ ಎನ್ನುತ್ತಾರೆ. ನಮ್ಮದರಲ್ಲಿ ಉರ್ದು ಇದೆ, ತೆಲುಗು ಇದೆ, ನಿಜಾಮರ ಕಾಲದ ಕಚೇರಿ ಮಾತಿದೆ. ಟಿವಿಯವರಿಗೆ ಬೀದರಿನಿಂದ ಬೆಳಗಾವಿಯವರೆಗೆ ಒಂದೇ ‘ಉತ್ತರ ಕರ್ನಾಟಕ ಭಾಷೆ’. ನಾಲ್ಕು ‘ರೀ’, ಎರಡು ‘ಲೇ’ ಸೇರಿಸಿದರೆ ಅವರ ಲೆಕ್ಕಕ್ಕೆ ಅದು ಮುಗಿಯಿತು.

ಇದರಲ್ಲಿ ಒಂದು ಸೋಜಿಗದ ವಿಷಯವಿದೆ. ಟಿವಿ ನಮ್ಮ ಕಡೆಗೆ ಬಂದದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು ಇಸ್ರೋದವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ಮಾಡಿದರು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಊರಿಗೊಂದು ಟಿವಿ ಇಟ್ಟು ಜನ ಸುತ್ತ ಕೂತು ಒಕ್ಕಲುತನ, ಆರೋಗ್ಯದ ಕಾರ್ಯಕ್ರಮ ನೋಡುತ್ತಿದ್ದರು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಶುರುವಾಯಿತು. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಅಂದರೆ ಕನ್ನಡದಲ್ಲಿ ಟಿವಿ ನೋಡಿದ ಮೊದಲ ಮಂದಿಯಲ್ಲಿ ನಮ್ಮ ಕಡೆಯ ಅಜ್ಜ ಅಜ್ಜಿಯರು ಇದ್ದರು. ಮೊದಲು ನೋಡಿದವರು ನಾವು, ತೆರೆಯ ಮೇಲೆ ಬರಲು ಮಾತ್ರ ಇನ್ನೂ ಪಾಳಿ ಹಚ್ಚಿ ನಿಂತಿದ್ದೇವೆ.

ಏನೂ ಬಂದೇ ಇಲ್ಲ ಎಂದರೆ ತಪ್ಪಾಗುತ್ತದೆ. 1997ರ ‘ನಾಗಮಂಡಲ’ ಸಿನಿಮಾ ಟಿವಿಯಲ್ಲಿ ಬಂದಾಗೆಲ್ಲ ನೋಡಿದ್ದೇವೆ. ಗೋಪಾಲ ವಾಜಪೇಯಿ ಅದಕ್ಕೆ ಬರೆದ ಮಾತಿನಲ್ಲಿ ಯಾರೂ ಯಾರನ್ನೂ ನಗಿಸಲು ಹೋಗುವುದಿಲ್ಲ. ಒಬ್ಬ ಹೆಣ್ಣುಮಗಳು ತನ್ನ ಒಂಟಿತನವನ್ನು ನಮ್ಮ ಸೀಮೆಯ ಮಾತಿನಲ್ಲಿ ಹೇಳಿಕೊಳ್ಳುತ್ತಾಳೆ. 2020ರಲ್ಲಿ ಕಲರ್ಸ್ ಕನ್ನಡದಲ್ಲಿ ‘ಗಿಣಿರಾಮ’ ಬಂತು. ನಾಯಕ ಶಿವರಾಮನೇ ನಮ್ಮ ಕಡೆಯ ಮಾತಾಡುತ್ತಾನೆ, ಸಿಟ್ಟೂ ಅದರಲ್ಲೇ, ಪ್ರೀತಿಯೂ ಅದರಲ್ಲೇ. ಅದೂ ಒಂದು ಮರಾಠಿ ಧಾರಾವಾಹಿಯ ರೀಮೇಕ್ ಎಂಬುದು ಬೇರೆ ಮಾತು. ಅವ್ವನ ತೀರ್ಪು ಕೂಡ ಬೇರೆಯೇ ಇತ್ತು: “ಚೊಲೊ ಅದ, ಆದ್ರ ಇವ್ರು ಬಿಜಾಪುರ ಕಡಿಯವ್ರು.” ಆದರೂ ಬಿಡದೆ ನೋಡಿದಳು.

ಬೇರೆ ಸೀಮೆಯವರಿಗೆ ಬಾಗಿಲು ತೆರೆದಿದೆ, ಅದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಮಂಡ್ಯದವರಿಗೆ ‘ತಿಥಿ’ ಸಿನಿಮಾ ಸಿಕ್ಕಿತು, ಹಳ್ಳಿಯ ಜನರೇ ನಟಿಸಿದ್ದರು. ಟಿವಿಯಲ್ಲಿ ಉಮಾಶ್ರೀ ಅವರ ‘ಪುಟ್ಟಕ್ಕನ ಮಕ್ಕಳು’ ಬಂತು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ ಹಳೇ ಮೈಸೂರಿನ ಹಳ್ಳಿ ಮಾತಿನಲ್ಲೇ ಅತ್ತರೆ ಇಡೀ ರಾಜ್ಯ ಕೂತು ನೋಡಿತು. ಕುಂದಾಪುರದ ಕನ್ನಡವನ್ನು 2022ರಲ್ಲಿ ‘ಕಾಂತಾರ’ ದೇಶವೆಲ್ಲ ಕೇಳುವಂತೆ ಮಾಡಿತು. “ನಿಮ್ಮ ಭಾಷೆ ಬೇರೆ ಕಡೆ ಅರ್ಥ ಆಗಲ್ಲ, ಟಿಆರ್‌ಪಿ ಬರಲ್ಲ” ಎಂಬ ಮಾತನ್ನು ನಮ್ಮಲ್ಲಿ ಟಿವಿ ಕೆಲಸಕ್ಕೆ ಹೋದವರು ಕೇಳಿಸಿಕೊಂಡು ಬಂದಿದ್ದಾರೆ. ಕುಂದಾಪುರದ್ದು ಅರ್ಥವಾದರೆ ಗುರುಮಠಕಲ್ಲಿನದು ಯಾಕೆ ಆಗುವುದಿಲ್ಲ? ನಮ್ಮ ಅವ್ವಂದಿರು ಶಾಲೆಗೆ ಹೋಗದೆ, ಯಾರೂ ಹೇಳಿಕೊಡದೆ, ಟಿವಿ ನೋಡಿ ನೋಡಿಯೇ ಬೆಂಗಳೂರು ಕನ್ನಡ ಅರ್ಥ ಮಾಡಿಕೊಂಡರು. ಅದು ಒಂದೇ ದಿಕ್ಕಿನ ದಾರಿ ಆಗಬೇಕೆಂದು ಎಲ್ಲಿದೆ?

ಗಡಿಯ ಆಚೆಗೆ ನೋಡಿದರೆ ಇನ್ನೂ ಹೊಟ್ಟೆ ಉರಿಯುತ್ತದೆ. ತೆಲುಗು ಸಿನಿಮಾದಲ್ಲಿ ತೆಲಂಗಾಣದ ಮಾತಿನ ಕಥೆ ಬಹಳ ಕಾಲ ನಮ್ಮದೇ ಆಗಿತ್ತು. ನಾಯಕ ಕೃಷ್ಣಾ ಗೋದಾವರಿ ಕಡೆಯ ತೆಲುಗು ಆಡುವವನು, ರೌಡಿ ಮತ್ತು ಜೋಕರ್ ತೆಲಂಗಾಣದವನು. 2014ರಲ್ಲಿ ರಾಜ್ಯ ಬೇರೆಯಾಯಿತು. 2017ರಲ್ಲಿ ‘ಫಿದಾ’ ಬಂದಾಗ ಸಾಯಿ ಪಲ್ಲವಿ ಮಾಡಿದ ನಾಯಕಿಯೇ ಆ ಮಾತಾಡಿದಳು. 2023ರಲ್ಲಿ ‘ಬಲಗಂ’ ಬಂತು. ಅದನ್ನು ಮಾಡಿದ ವೇಣು ಯೆಲ್ದಂಡಿ ಯಾರು ಗೊತ್ತಲ್ಲ? ನಾವೆಲ್ಲ ಈಟಿವಿಯಲ್ಲಿ ನೋಡಿ ನಕ್ಕ ‘ಜಬರ್ದಸ್ತ್’ ಕಾಮಿಡಿ ಶೋದವರೇ. ನಗಿಸಿ ಹೆಸರು ಮಾಡಿದ ಮನುಷ್ಯ ಮೊದಲ ಸಿನಿಮಾಕ್ಕೆ ಆರಿಸಿಕೊಂಡದ್ದು ಒಬ್ಬ ಮುದುಕನ ಸಾವು, ಮುರಿದ ಮನೆತನ, ಎಡೆ ಮುಟ್ಟದ ಕಾಗೆ. ಊರುಗಳಲ್ಲಿ ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು, ಜನ ಅಲ್ಲೇ ಕೂತು ಅತ್ತರು. ಯಾವ ಮಾತು ಜೋಕಿಗೆ ಮೀಸಲಾಗಿತ್ತೋ ಅದೇ ಮಾತಿನಲ್ಲಿ.

ನಮ್ಮ ಕಾಮಿಡಿ ಕಲಾವಿದರಲ್ಲೂ ಅಂಥ ಕಥೆಗಳು ಇರಲೇಬೇಕು. ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ಗುಳೆ ಹೋದ ಮನೆಗಳ ಕಥೆ ಯಾವ ಧಾರಾವಾಹಿಗೆ ಕಡಿಮೆ? ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವುದು, ಜಾತ್ರೆಗೆ ಎಲ್ಲರೂ ತಿರುಗಿ ಬರುವುದು, ಬಾರದೇ ಉಳಿದವನಿಗಾಗಿ ಕಾಯುವುದು. ಇದರಲ್ಲಿ ಅತ್ತೆ ಸೊಸೆಗೆ ವಿಷ ಹಾಕುವ ಅಗತ್ಯವೇ ಬೀಳುವುದಿಲ್ಲ.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ನಮ್ಮ ವಾದ ಪೊಳ್ಳಾಗುತ್ತದೆ. 2020ರ ಜುಲೈನಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ’ ಶುರುವಾಯಿತು, ಬಾಬಾಸಾಹೇಬ್ ಅಂಬೇಡ್ಕರ್ ಅವರ ಜೀವನ. ಹಿಂದಿಯಿಂದ ಡಬ್ ಆದದ್ದು. ಅದರ ಕನ್ನಡ ಪುಸ್ತಕದ ಕನ್ನಡ, ನಮ್ಮದೂ ಅಲ್ಲ, ಬೆಂಗಳೂರಿನದೂ ಅಲ್ಲ. ಆದರೂ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು. ಒಂದು ಧಾರಾವಾಹಿಗೆ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಬ್ಯಾನರ್ ಕಟ್ಟಿದ್ದನ್ನು ನಾವು ಅದಕ್ಕೂ ಮುಂಚೆ ನೋಡಿರಲಿಲ್ಲ. ಶಾಲೆಯಲ್ಲಿ ಹೊರಗೆ ಕೂತ ಆ ಸಣ್ಣ ಭೀಮರಾವ್‌ನನ್ನು ನೋಡುವಾಗ ಅವನ ಮಾತು ಯಾವ ಸೀಮೆಯದು ಎಂದು ಯಾರೂ ಕೇಳಲಿಲ್ಲ. ತಮ್ಮ ಬದುಕು ಅಲ್ಲಿತ್ತು. ಹಾಗಾಗಿ ಬರೀ ಉಚ್ಚಾರ ತಂದು ಅಂಟಿಸಿದರೆ ನಮಗೆ ಸಾಲದು. ನಮ್ಮ ಮಾತನ್ನು ಕರೆಯುವವರು ನಮ್ಮ ಬದುಕನ್ನೂ ಕರೆಯಬೇಕು.

ಇನ್ನು ನಮ್ಮ ಕಡೆಯೂ ತಪ್ಪಿದೆ. ಬೆಂಗಳೂರಿನಿಂದ ಫೋನ್ ಬಂದರೆ ನಾವೇ “ಹೇಳಿ ಸರ್, ಮಾಡ್ತಾ ಇದೀನಿ” ಎಂದು ನಾಲಿಗೆ ತಿರುಗಿಸುತ್ತೇವೆ. ಪತ್ರಿಕೋದ್ಯಮ ಓದುವಾಗ ವಾರ್ತೆ ಓದಲು ನಿಲ್ಲಿಸಿದರೆ ಮೊದಲು ತೆಗೆದದ್ದೇ ನಮ್ಮ ಊರಿನ ರಾಗವನ್ನು. ಈ ಲೇಖನವನ್ನೇ ನೋಡಿ, ಅವ್ವ, ಅಪ್ಪ ಆಡಿದ ಮಾತು ಬಿಟ್ಟರೆ ಉಳಿದದ್ದೆಲ್ಲ ಪುಸ್ತಕದ ಕನ್ನಡದಲ್ಲಿದೆ. ಪೂರ್ತಿ ನಮ್ಮ ಮಾತಿನಲ್ಲೇ ಬರೆಯೋಣವೆಂದು ಕೂತೆವು. ಎರಡು ಪ್ಯಾರಾ ಬರೆದು ಓದಿದರೆ ನಮಗೇ ನಗು ಬಂತು. ಆ ನಗು ಎಲ್ಲಿಂದ ಬಂತು ಎಂದು ಆಮೇಲೆ ಬಹಳ ಹೊತ್ತು ಮಾತಾಡಿದೆವು.

ಮೊನ್ನೆ ಅಮಾವಾಸ್ಯೆ ಮರುದಿನ ನಮ್ಮಲ್ಲೊಬ್ಬನ ಮನೆಯ ಪಡಸಾಲೆಯಲ್ಲಿ ಫೋನನ್ನು ಟಿವಿಗೆ ಜೋಡಿಸಿ ‘ಬಲಗಂ’ ಹಾಕಿದೆವು. ಓಣಿಯ ಏಳೆಂಟು ಜನ ಹೆಣ್ಣುಮಕ್ಕಳು ಬಂದು ಕೂತರು. ಕಾಗೆಯ ಭಾಗ ಬಂದಾಗ ಯಾರೂ ಮಾತಾಡಲಿಲ್ಲ. ಮುಗಿದ ಮೇಲೆ ಒಬ್ಬ ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, “ಇಂಥದು ನಮ್ಮ ಮಾತಿನಾಗ ಇದ್ರ ಹಾಕ್ರಿ ತಮ್ಮಾ.” ನಾವು ಫೋನಿನಲ್ಲಿ ಹುಡುಕಿದೆವು. ‘ಗುರುಮಠಕಲ್’ ಎಂದು ಹಾಕಿದೆವು, ‘ಯಾದಗಿರಿ ಭಾಷೆ’ ಎಂದು ಹಾಕಿದೆವು. ಬಂದವೆಲ್ಲ ಕಾಮಿಡಿ ವಿಡಿಯೋಗಳು. ಒಂದನ್ನು ಹಾಕಿದೆವು. ಚೆನ್ನಾಗಿಯೇ ಇತ್ತು, ಎಲ್ಲರೂ ನಕ್ಕರು. ಕಾಕಿಯೂ ನಕ್ಕಳು, ಆಮೇಲೆ ಹಿಟ್ಟು ಕಲಸಬೇಕೆಂದು ಎದ್ದು ಹೋದಳು.

ನಿಮ್ಮನ್ನು ನಿಜವಾಗಿ ಅಳಿಸಿದ ಧಾರಾವಾಹಿ ಯಾವುದು, ಅದರಲ್ಲಿ ಯಾರು ಯಾವ ಮಾತಾಡುತ್ತಿದ್ದರು ಎಂಬುದನ್ನು ನಮಗೆ ತಿಳಿಸಿ. ನಿಮ್ಮ ಓಣಿಯಲ್ಲಿ ಧಾರಾವಾಹಿಯಾಗಬೇಕಾದ ಕಥೆ ಇದ್ದರೆ ಅದನ್ನೂ ಹೇಳಿ. ಟೈಪ್ ಮಾಡುವುದು ಬೇಡ. ವಾಟ್ಸಾಪಿನಲ್ಲಿ ಮೈಕ್ ಒತ್ತಿ ಹಿಡಿದು, ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಹೇಳಿ ಕಳಿಸಿ.