ಸಮವಸ್ತ್ರದ ಜೊತೆಗೆ ಅಂತರಜಾಲವೂ ಬೇಕು

ಸಿರಿವಂತರ ಮಗುವೂ ಬಡವರ ಮಗುವೂ ಭೇದವಿಲ್ಲದೆ ಒಂದೇ ಬೆಂಚಿನಲ್ಲಿ ಕುಳಿತು ಕಲಿಯಲಿ ಎಂಬುದೇ ಶಾಲಾ ಸಮವಸ್ತ್ರದ ಉದ್ದೇಶ. ಕರ್ನಾಟಕದಲ್ಲಿ ಹಿಜಾಬ್ ವಿವಾದದ ನಡುವೆ 2022ರ ಫೆಬ್ರವರಿ 5ರಂದು ಸರ್ಕಾರಿ ಆದೇಶ ಹೊರಟ ಮೇಲೆ ಚರ್ಚೆ ಉಡುಪಿನಲ್ಲಿಯೇ ನಿಂತಿತು. ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪಿತ್ತರು.

ಈ ಗದ್ದಲದಲ್ಲಿ ಮೂಲ ಉದ್ದೇಶವೇ ಮರೆಯಾಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ಪಾಠಕ್ಕೆ ಸಮವಸ್ತ್ರ ಅನಿವಾರ್ಯವಾಗಿರಲಿಲ್ಲ. ಅಂತರಜಾಲವಿಲ್ಲದ ಮನೆಗೆ ಮಾತ್ರ ಆ ಪಾಠ ತಲುಪಲೇ ಇಲ್ಲ.

ಅಂತರಜಾಲದ ಲಭ್ಯತೆ ಶಿಕ್ಷಣದ ಹಕ್ಕಿನ ಭಾಗವೆಂದು ನೆರೆಯ ಕೇರಳದ ಹೈಕೋರ್ಟು 2019ರಲ್ಲಿಯೇ ಹೇಳಿತ್ತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕಲ್ಪಿಸುವ ಗುರಿಯೊಡನೆ ಆ ರಾಜ್ಯ 2023ರ ಜೂನ್‌ನಲ್ಲಿ ಕೆ-ಫೋನ್ ಯೋಜನೆಯನ್ನು ಉದ್ಘಾಟಿಸಿತು. ಅನುಷ್ಠಾನ ನಿಧಾನವಾದರೂ ದಿಕ್ಕು ಸರಿಯಾದುದೇ.

ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನೆನೆಯುವ ಸಮಾಜಕ್ಕೆ ಶಾಸ್ತ್ರದಾನದ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಪ್ರತಿವರ್ಷ ನೋಟುಪುಸ್ತಕ, ಸಮವಸ್ತ್ರ ಹಂಚುವ ಹೊರನಾಡಿನ ಸಂಘಗಳು ಬಡ ವಿದ್ಯಾರ್ಥಿಗಳ ಅಂತರಜಾಲ ವೆಚ್ಚವನ್ನೂ ಭರಿಸಲಿ. ಅದು ತಾತ್ಕಾಲಿಕ ನೆರವು ಮಾತ್ರ. ಸಮವಸ್ತ್ರಕ್ಕೆ ಹಣ ತೆಗೆದಿಡುವ ಸರ್ಕಾರಗಳು ತಮ್ಮ ಆಯವ್ಯಯದಲ್ಲಿ ಉಚಿತ ಸಂಪರ್ಕಕ್ಕೂ ಪ್ರತ್ಯೇಕ ಬಾಬ್ತು ತೆರೆಯಬೇಕು.