ಬಾಡಿಗೆ ಯಂತ್ರ ಮರಳಿಸಿದ ಮೇಲೆ ಬರುವ ಬಿಲ್ಲು

ಬಾಡಿಗೆಗೆ ಒಯ್ದ ಯಂತ್ರವನ್ನು ಮರಳಿಸುವಾಗ ‘ಇದು ಮುರಿದೈತಿ, ಅದು ಸವೆದೈತಿ’ ಎಂದು ರೊಕ್ಕ ಕೇಳುವುದು ಈಗ ಎಲ್ಲ ಕಡೆ ನಡೆದಿದೆ. ಒಯ್ಯುವಾಗ ಎರಡೂ ಕಡೆಯವರು ಕೂಡಿ ನೋಡಿ ಬರೆದಿಡದ ಯಾವ ಹಾನಿಗೂ ರೈತನಿಂದ ಹಣ ಕೇಳಬಾರದು. ಇದು ನನ್ನ ಅಭಿಪ್ರಾಯ. ಇದರಿಂದ ಬಾಡಿಗೆ ಕೊಡುವವನಿಗೂ ನಷ್ಟವಿಲ್ಲ.

ಎರಡು-ಮೂರು ಎಕರೆಯವರು ರೋಟಾವೇಟರ್ ಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ. 2014-15ರಲ್ಲಿ ರಾಜ್ಯ ಸರ್ಕಾರ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಶುರು ಮಾಡಿದ್ದು ಇದೇ ಕಾರಣಕ್ಕೆ. ಅದರ ಹೊರತಾಗಿ ಊರೂರಲ್ಲಿ ಖಾಸಗಿಯವರೂ ಯಂತ್ರ ಇಟ್ಟಿದ್ದಾರೆ. ನಮ್ಮ ಘೋಡಗೇರಿ ಕಡೆ ಕಬ್ಬು ಕಡಿದ ಮೇಲೆ, ಗೋವಿನಜೋಳ ಬಿತ್ತುವ ಮುಂಚೆ ಇವುಗಳಿಗೆ ಭಾರೀ ಬೇಡಿಕೆ. ಹಿಂದೆ ಎತ್ತಿನ ಮುಯ್ಯ ಇತ್ತು. ರಂಟಿ, ಕುಂಟಿ ಮುರಿದರೆ ಊರ ಬಡಿಗ್ಯಾ ನೋಡಿ ಹೇಳಿದ್ದೇ ನ್ಯಾಯ. ಈಗ ಯಂತ್ರ ಹೊರಗಿನದು, ಮೆಕ್ಯಾನಿಕ್ಕು ಅವರವನು, ಬಿಲ್ಲೂ ಅವರದೇ.

ಎರಡು ವರ್ಷದ ಹಿಂದೆ ನಾನು ಒಂದು ಕಡೆಯಿಂದ ರೋಟಾವೇಟರ್ ತಂದೆ, ಟ್ರ್ಯಾಕ್ಟರ್ ತಮ್ಮನದು. ಎರಡು ದಿನ ದುಡಿಸಿ ಮರಳಿಸಿದೆ. ಮರುದಿನ ಫೋನು: “ಕಾಕಾ, ಗೇರ್ ಬಾಕ್ಸಿನ ಆಯಿಲ್ ಸೀಲ್ ಹೋಗೇತಿ, ಬ್ಲೇಡೂ ಸವೆದಾವು. ಸಾಡೇಆರು ಸಾವಿರ ಆಗತೇತಿ, ಠೇವಣಿ ಮುರಕೋತೀವಿ.” ನಾನು ಒಯ್ಯುವಾಗಲೇ ರಸೀದಿಯ ಹಿಂದೆ ‘ಆರು ಬ್ಲೇಡು ಸವೆದಿವೆ, ಗೇರ್ ಬಾಕ್ಸಿನ ಕೆಳಗೆ ಎಣ್ಣೆ ಜಿನುಗಿದೆ’ ಎಂದು ಬರೆದು ಅಲ್ಲಿಯ ಹುಡುಗನ ಸಹಿ ಹಾಕಿಸಿದ್ದೆ. ಅದನ್ನು ತೋರಿಸಿದೆ. ವಾದ ಅಲ್ಲಿಗೇ ನಿಂತಿತು, ಠೇವಣಿ ಪೂರಾ ಬಂತು. ಆದರೆ ಅದೇ ಹಂಗಾಮಿನಲ್ಲಿ ನಮ್ಮ ಓಣಿಯ ಇಬ್ಬರು ಇಂಥದ್ದೇ ಬಿಲ್ಲಿಗೆ ಸಾವಿರಾರು ರೂಪಾಯಿ ಕಟ್ಟಿ ಬಂದರು. ಅವರ ಕೈಯಲ್ಲಿ ಕಾಗದ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಪೇಟೆಯಲ್ಲೂ ಇದೇ ಹಾಡು. ಸ್ವತಃ ಓಡಿಸಲು ಬಾಡಿಗೆ ಕಾರು ಒಯ್ದ ಹುಡುಗರಿಗೆ ಬಂಪರ್ ಮೇಲಿನ ಗೀರಿಗೆಂದು ಠೇವಣಿ ಕತ್ತರಿಸುತ್ತಾರೆ. 2025ರಲ್ಲಿ ಅಮೆರಿಕದ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಮರಳಿ ಬಂದ ಬಾಡಿಗೆ ಕಾರನ್ನು ಯಂತ್ರವೇ ಫೋಟೋ ತೆಗೆದು ತಪಾಸಿಸಿತು. ಚಕ್ರದ ಮೇಲಿನ ಒಂದು ಇಂಚಿನ ಗೀರಿಗೆ 440 ಡಾಲರ್ ಬಿಲ್ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಅದರಲ್ಲಿ ದುರಸ್ತಿಯ ಲೆಕ್ಕ 250 ಮಾತ್ರ. ಉಳಿದದ್ದು ಕಾಗದಪತ್ರದ ಖರ್ಚಂತೆ!

ಕಾನೂನು ಏನನ್ನುತ್ತದೆ? 1872ರ ಭಾರತೀಯ ಕರಾರು ಕಾಯಿದೆ ಇನ್ನೂ ಜಾರಿಯಲ್ಲಿದೆ. ಅದರ 151ನೇ ಕಲಮಿನಂತೆ, ಒಯ್ದವನು ಆ ವಸ್ತುವನ್ನು ತನ್ನ ಸ್ವಂತದ್ದನ್ನು ಬುದ್ಧಿವಂತ ಮನುಷ್ಯ ಜೋಪಾನ ಮಾಡುವಷ್ಟು ಜೋಪಾನ ಮಾಡಬೇಕು. ಮಾಡಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಾನಿಗೆ ಅವನು ಹೊಣೆಯಲ್ಲ ಎನ್ನುತ್ತದೆ 152. ‘ಬೇರೆ ಕರಾರು ಇಲ್ಲದಿದ್ದಲ್ಲಿ’ ಎಂಬ ಮಾತು ಗಮನಿಸಿ. ಓದದೆ ಹಾಕುವ ಸಹಿ ನಮ್ಮನ್ನು ಕಟ್ಟಿಹಾಕುವುದು ಇಲ್ಲಿಯೇ. ಇನ್ನು 150ನೇ ಕಲಮು: ಬಾಡಿಗೆಗೆ ಕೊಟ್ಟ ವಸ್ತುವಿನ ದೋಷದಿಂದ ಒಯ್ದವನಿಗೆ ತೊಂದರೆಯಾದರೆ, ಆ ದೋಷ ತನಗೆ ಗೊತ್ತಿರಲಿಲ್ಲವೆಂದು ಹೇಳಿಯೂ ಮಾಲೀಕ ತಪ್ಪಿಸಿಕೊಳ್ಳುವಂತಿಲ್ಲ.

ಹಾಗೆಂದು ಎಲ್ಲ ತಪ್ಪೂ ಮಾಲೀಕರದಲ್ಲ. ಕಲ್ಲು-ಬೊಡ್ಡೆ ಇದ್ದ ಹೊಲಕ್ಕೆ ಹಾಕಬೇಡಿ ಎಂದು ಕರಾರಿದ್ದರೂ ಹಾಕಿದರೆ, ಒಯ್ದ ಯಂತ್ರವನ್ನು ಬೀಗರಿಗೆ ಕೊಟ್ಟರೆ, 154ರ ಪ್ರಕಾರ ಹಾನಿ ನಮ್ಮ ತಲೆಗೇ. ಹೇಳಿದ ದಿನ ಮರಳಿಸದಿದ್ದರೆ 161. ಜೋಪಾನ ಮಾಡಿದ್ದೆ ಎಂದು ತೋರಿಸುವ ಹೊರೆಯೂ ಸಾಮಾನ್ಯವಾಗಿ ಒಯ್ದವನದೇ. ಸಾಲ ಮಾಡಿ ಟ್ರ್ಯಾಕ್ಟರ್ ತಂದು ಬಾಡಿಗೆಗೆ ಬಿಟ್ಟವನೂ ನಮ್ಮಂಥ ರೈತನೇ. ಅವನ ಗೇರ್ ಬಾಕ್ಸ್ ಒಡೆದು ಸುಮ್ಮನೆ ತಂದು ನಿಲ್ಲಿಸಿದರೆ ಅವನ ಕಂತು ಯಾರು ಕಟ್ಟಬೇಕು?

ಆದರೆ ಸವೆತ ಬೇರೆ, ಹಾನಿ ಬೇರೆ. ಬ್ಲೇಡು ಮಣ್ಣಿನಲ್ಲಿ ಸವೆಯಲೆಂದೇ ಇರುವುದು. ಶಿಯರ್ ಬೋಲ್ಟು ಕಲ್ಲು ತಗುಲಿದಾಗ ತಾನು ತುಂಡಾಗಿ ಗೇರ್ ಬಾಕ್ಸ್ ಉಳಿಸಲೆಂದೇ ಹಾಕಿದ್ದು. ಇವುಗಳ ಖರ್ಚು ಬಾಡಿಗೆಯಲ್ಲೇ ಸೇರಿರಬೇಕು. ನಾಲ್ಕು ಹಂಗಾಮು ದುಡಿದ ಬ್ಲೇಡಿಗೆ ಹೊಸ ಬ್ಲೇಡಿನ ಪೂರಾ ಬೆಲೆ ಕೇಳುವುದು ನ್ಯಾಯವಲ್ಲ. ಇನ್ನು ಟ್ರ್ಯಾಕ್ಟರ್, ಯಂತ್ರ, ಚಾಲಕ ಎಲ್ಲ ಅವರದೇ ಆದರೆ ಯಂತ್ರ ನಮ್ಮ ಸುಪರ್ದಿಗೆ ಬಂದೇ ಇಲ್ಲ. ಹೊಲದಲ್ಲಿ ಹೂತ ಬಂಡೆ, ಪೈಪು ಇದ್ದರೆ ಮೊದಲೇ ತೋರಿಸುವುದು ನಮ್ಮ ಕೆಲಸ. ಅದರಾಚೆಗೆ ನಾವೇಕೆ ಕೊಡಬೇಕು?

ಆದ್ದರಿಂದ ನಾನು ಕೇಳುವುದು ಇಷ್ಟು. ಒಯ್ಯುವಾಗ, ಮರಳಿಸುವಾಗ ಎರಡೂ ಸಲ ಇಬ್ಬರೂ ನಿಂತು ನೋಡಬೇಕು: ಬ್ಲೇಡು, ಬೋಲ್ಟು, ಎಣ್ಣೆ, ಪಿಟಿಓ ಶಾಫ್ಟಿನ ಕ್ರಾಸು, ಟೈರು. ಕಂಡದ್ದನ್ನು ರಸೀದಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಮೊಬೈಲಿನಲ್ಲಿ ನಾಲ್ಕೂ ಕಡೆಯ ಫೋಟೋ ಇರಲಿ. ಹಾನಿ ಇದ್ದರೆ ಹಳೆಯ ಬಿಡಿಭಾಗ ತೋರಿಸಿ, ಅಂಗಡಿಯ ಬಿಲ್ಲು ಕೊಟ್ಟು, ಸವೆತ ಕಳೆದು ರೊಕ್ಕ ಕೇಳಲಿ. ಮರಳಿಸಿ ‘ಸರಿ ಐತಿ’ ಎಂದ ಮೇಲೆ ಫೋನು ಮಾಡಿ ಕೇಳಬಾರದು.

ಕೇಳಿಯೇಬಿಟ್ಟರೆ? ಬಾಯಿಮಾತಿನ ಜಗಳ ಬೇಡ. ಯಾವ ಭಾಗ, ಎಷ್ಟು, ಯಾಕೆ ಎಂದು ಬರೆದು ಕೊಡಿ ಎನ್ನಿ. ಕೊಡುವ ರೊಕ್ಕಕ್ಕೆ ರಸೀದಿ ಕೇಳಿ, ತಕರಾರು ಇಟ್ಟುಕೊಂಡೇ ಕೊಡುತ್ತಿದ್ದೇನೆ ಎಂದು ಅದರಲ್ಲಿ ಬರೆಯಿರಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಬೆಳಗಾವಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯಿದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ವಕೀಲರು ಬೇಕೇಬೇಕೆಂದಿಲ್ಲ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ‘ರೈತ ಗ್ರಾಹಕನಲ್ಲ’ ಎಂದು ಯಾರಾದರೂ ಅಂದರೆ, 2012ರಲ್ಲಿ ಬೀಜದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ರೈತನೂ ಗ್ರಾಹಕನೇ ಎಂದು ಹೇಳಿದ್ದನ್ನು ನೆನಪಿಸಿ.

ಕೋರ್ಟು-ಆಯೋಗದವರೆಗೆ ಹೋಗುವ ಪ್ರಸಂಗವೇ ಬರಬಾರದು. ಒಂದು ಊರಿನ ಹತ್ತು ಮಂದಿ ‘ಬರೆದುಕೊಡದೆ ಯಂತ್ರ ಒಯ್ಯುವುದಿಲ್ಲ’ ಎಂದು ನಿಂತರೆ ಮುಂದಿನ ಹಂಗಾಮಿಗೇ ರಸೀದಿ ಪುಸ್ತಕ ಬದಲಾಗುತ್ತದೆ. ಒಬ್ಬನೇ ಕೇಳಿದರೆ ‘ಬ್ಯಾರೆ ಕಡೆ ನೋಡ್ಕೋರಿ’ ಅನ್ನುತ್ತಾರೆ. ಹತ್ತು ಮಂದಿಗೆ ಹಾಗನ್ನಲು ಅವರಿಗೂ ಆಗುವುದಿಲ್ಲ, ಅವರ ಹೊಟ್ಟೆಯೂ ನಮ್ಮ ಬಾಡಿಗೆಯಿಂದಲೇ ತುಂಬಬೇಕಲ್ಲ.