ಮಗುವಿಲ್ಲದ ಬಾಣಂತಿ

ಹೆರಿಗೆಯಾದ ಮನೆಗೆ ಹೋದರೆ ನಾವು ಮೊದಲು ಕೇಳುವುದು, "ಗಂಡೋ ಹೆಣ್ಣೋ?" ಮಗು ಉಳಿಯಲಿಲ್ಲ ಎಂದು ತಿಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಒಳಕೋಣೆಯಲ್ಲಿ ಒಬ್ಬಳು ಬಾಣಂತಿ ಮಲಗಿದ್ದಾಳೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ.

ಲಕ್ಕುಂಡಿಯ ಒಬ್ಬ ಸೊಸೆಯನ್ನು ಕಲ್ಪಿಸಿಕೊಳ್ಳಿ. ಹಳೆಯ ಗುಡಿ, ಬಾವಿಗಳನ್ನು ನೋಡಲು ದೂರದೂರದಿಂದ ಜನ ಬರುವ ಊರದು. ಹೆರಿಗೆ ಕಷ್ಟವಾದರೆ ಹತ್ತಿರದ ಗದಗಿನ ಜಿಮ್ಸ್ ಆಸ್ಪತ್ರೆ, ಅಲ್ಲಿಯೂ ಕೈಮೀರಿದರೆ ಹುಬ್ಬಳ್ಳಿ. ಮಗು ಹೊಟ್ಟೆಯಲ್ಲೇ ತೀರಿಕೊಂಡಿರಲಿ, ಹುಟ್ಟಿ ಎರಡು ದಿನಕ್ಕೆ ಹೋಗಿರಲಿ, ಅವಳ ದೇಹಕ್ಕೆ ಆ ಸುದ್ದಿ ಮುಟ್ಟುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಎದೆಗೆ ಹಾಲಿಳಿಯುತ್ತದೆ. ಕುಪ್ಪಸ ಒದ್ದೆಯಾದಾಗ ಆಕೆಗಾಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಇದನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳಿ ಕಳಿಸುವವರು ಕಡಿಮೆ.

ಹಾಲು ನಿಲ್ಲಿಸಲು ಎದೆಯನ್ನು ಬಟ್ಟೆಯಿಂದ ಬಿಗಿದು ಕಟ್ಟುವ ಪದ್ಧತಿ ಸರಿಯಲ್ಲ. ಮೈಗೆ ಹೊಂದುವ ಒಳ ಉಡುಪು ಹಾಕಿ, ತಣ್ಣೀರ ಬಟ್ಟೆ ಇಟ್ಟುಕೊಳ್ಳಬೇಕು. ತೀರಾ ನೋವಾದರೆ ಸ್ವಲ್ಪವೇ ಹಿಂಡಿ ತೆಗೆಯಬಹುದು. ಪೂರ್ತಿ ತೆಗೆದರೆ ಹಾಲು ಮತ್ತೆ ಊರುತ್ತದೆ. ಹಾಲು ನಿಲ್ಲಿಸುವ ಮಾತ್ರೆಯನ್ನು ವೈದ್ಯರೇ ಕೊಡಬೇಕು, ಔಷಧಿ ಅಂಗಡಿಯವರಲ್ಲ. ಎದೆ ಕೆಂಪಾಗಿ ಜ್ವರ ಬಂದರೆ, ರಕ್ತಸ್ರಾವ ಹೆಚ್ಚಿದರೆ, ವಾಸನೆ ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿಯದು ನೆಗೆಟಿವ್ ರಕ್ತದ ಗುಂಪಾಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ನೀವೇ ಕೇಳಿ. ಮಗು ಇಲ್ಲವಾದ ಗಡಿಬಿಡಿಯಲ್ಲಿ ಇದು ತಪ್ಪಿಹೋದರೆ ಮುಂದಿನ ಮಗುವಿಗೆ ತೊಂದರೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮ 2011ರಿಂದ ಇದೆ. ಆದರೆ ಅದು ನವಜಾತ ಶಿಶುವಿನ ಹೆಸರಿನ ಭೇಟಿ. ಶಿಶುವೇ ಇಲ್ಲದ ಮನೆಯ ಬಾಗಿಲು ತಟ್ಟಲು ಆಕೆಗೂ ಸಂಕೋಚ. ಹಾಗಾಗಿ ನೀವೇ ಕರೆಯಿರಿ. "ಮಗು ಇಲ್ಲ ಅಕ್ಕಾ, ಆದರ ನಮ್ಮ ಸೊಸಿನ್ನ ನೋಡಿ ಹೋಗ್ರಿ" ಎಂದರೆ ಸಾಕು. ನಿಫಾಸ್‌ನ ದಿನಗಳು ಈಕೆಗೂ ಇವೆಯಲ್ಲ? ಅಂದ ಮೇಲೆ ಬಾಣಂತನ ಯಾಕಿಲ್ಲ? ವಾರದೊಳಗೆ ಒಲೆ ಮುಂದೆ ಕೂರಿಸುವ ಅತ್ತೆಯಂದಿರು ಇದಕ್ಕೆ ಉತ್ತರ ಹೇಳಬೇಕು.

ಕಾಗದದ ವಿಷಯವೂ ಇದೆ. ಉಸಿರಿಲ್ಲದೆ ಹುಟ್ಟಿದ ಮಗುವನ್ನೂ 1969ರ ಜನನ ಮರಣ ನೋಂದಣಿ ಕಾನೂನಿನ ಪ್ರಕಾರ ನೋಂದಾಯಿಸಬೇಕು. ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡುಗಳನ್ನು ಸಿಟ್ಟಿನಿಂದ ಹರಿಯಬೇಡಿ. ಮುಂದಿನ ಸಲ ವೈದ್ಯರು ಮೊದಲು ಕೇಳುವುದು ಅದನ್ನೇ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೋಂಕು, ಮಾಸಿನ ತೊಂದರೆ ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಗ್ರಹಣದಲ್ಲಿ ಹೊರಗೆ ಬಂದಳು, ನಜರ್ ತಾಗಿತು ಎಂದು ನೊಂದವಳ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 19 ಲಕ್ಷ ಮಕ್ಕಳು ಗರ್ಭದ 28 ವಾರಗಳ ನಂತರ ಉಸಿರಿಲ್ಲದೆ ಹುಟ್ಟುತ್ತವೆ.

ಬ್ರಿಟನ್‌ನ ಎಷ್ಟೋ ಆಸ್ಪತ್ರೆಗಳಲ್ಲಿ ಇಂಥ ತಂದೆ-ತಾಯಿಯ ಜೊತೆಗಿರಲೆಂದೇ ತರಬೇತಾದ ದಾದಿಯರಿದ್ದಾರೆ. ಮಗುವನ್ನು ನೋಡಬೇಕೇ, ಎತ್ತಿಕೊಳ್ಳಬೇಕೇ ಎಂದು ಅವರು ತಾಯಿಯನ್ನೇ ಕೇಳುತ್ತಾರೆ. ನಮ್ಮಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗಂಡಸರ ಕೈಗಿಡುತ್ತಾರೆ, ಅವರು ನೇರ ಕಬರಸ್ತಾನಕ್ಕೆ ಹೋಗುತ್ತಾರೆ. ತಾಯಿಗೆ ಮುಖ ಕೂಡ ಕಾಣುವುದಿಲ್ಲ. ಉಸಿರಿಲ್ಲದೆ ಹುಟ್ಟಿದ ಮಗುವಿನ ಜನಾಝಾ ನಮಾಝಿನ ಬಗ್ಗೆ ಮಝ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ, ಮೌಲಾನಾರನ್ನು ಕೇಳಿಕೊಳ್ಳಿ. ಆದರೆ ಒಯ್ಯುವ ಮೊದಲು ಅವಳನ್ನು ಒಮ್ಮೆ ಕೇಳಲು ಏನಡ್ಡಿ? ಬೇಡವೆಂದರೆ ಬಲವಂತ ಬೇಡ.

"ಅಳಬ್ಯಾಡ ಬೇಟಿ, ಸಬ್ರ್ ಮಾಡು, ಅಲ್ಲಾಹ್ ಇನ್ನೊಂದು ಕೊಡ್ತಾನ" ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸಬ್ರ್ ಎಂದರೆ ಅಳದಿರುವುದಲ್ಲ. ಪ್ರವಾದಿವರ್ಯರು(ಸ) ತಮ್ಮ ಪುಟ್ಟ ಮಗ ಇಬ್ರಾಹೀಮ್‌ರು ಕೊನೆಯುಸಿರೆಳೆಯುವಾಗ ಕಣ್ಣೀರಿಟ್ಟರು. ಅದನ್ನು ಕಂಡು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟಾಗ, ಅದು ಕಾರುಣ್ಯವೆಂದು ತಿಳಿಸಿದರು. ಇನ್ನೊಂದು ಮಗು ಬಂದರೂ ಅದು ಇನ್ನೊಂದೇ, ಹೋದದ್ದಲ್ಲ.

ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಸಾಯುವ ಮಾತಾಡುತ್ತಾಳೆ ಎಂದಾದರೆ ಅದಕ್ಕೆ ಚಿಕಿತ್ಸೆಯಿದೆ. ಸಾಯುವ ಮಾತು ಬಂದರೆ ಎರಡು ವಾರ ಕಾಯಲೂ ಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ-ಬಾಣಂತಿಯರ ಮನೋರೋಗಕ್ಕೆಂದೇ ವಿಭಾಗವಿದೆ.

ಆ ಸಂಖ್ಯೆಯನ್ನು ಮಗುವಿನ ತಂದೆಗೂ ಕೊಡಿ. ಮಣ್ಣು ಕೊಟ್ಟು ಬಂದು ಮೂರನೆಯ ದಿನಕ್ಕೆ ಕೆಲಸಕ್ಕೆ ಹೋದವನನ್ನು "ಅವಳು ಹೇಗಿದ್ದಾಳೆ?" ಎಂದು ಎಲ್ಲರೂ ಕೇಳುತ್ತಾರೆ. "ನೀನು ಹೇಗಿದ್ದೀಯಪ್ಪ?" ಎಂದು ಕೇಳುವವರು ಇಲ್ಲ.